ಕ್ವಾನ್ ಹೆಸರಿನ ಬಿಟ್ಟಿ ಕೋಣೆ

ಪರದೆ ತಾನಾಗಿಯೇ ಸರಿಯುತ್ತಿದೆ, ಯಾವ ಗುಂಡಿಗೆ ಮೊಣಕೈ ತಾಗಿತೋ, ಬಿಸಿಲು ದಡಕ್ಕನೆ ಮಂಚದ ಮೇಲೆ ಬಂದು ಬಿತ್ತು, ಇನ್ನೊಂದು ಗುಂಡಿ ಒತ್ತಿದರೆ ದೀಪ, ಮತ್ತೊಂದಕ್ಕೆ ಬಚ್ಚಲಿನಲ್ಲಿ ಹಾಡು, ಪರದೆ ಮುಚ್ಚುವ ಗುಂಡಿಯೊಂದು ಮಾತ್ರ ಸಿಗದು, ಇರಲಿ ಬಿಡು, ಮಧ್ಯಾಹ್ನ ಒಂದೂವರೆಗೆ ಕತ್ತಲೆ ಯಾರಿಗೆ ಬೇಕು, ಬಿಸಿಲಿನಲ್ಲೇ ಮಲಗಿದರಾಯಿತು, ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಪಕ್ಕ ನಿಂತುಕೊಂಡೇ ನಿದ್ದೆ ಮಾಡಿದವಳು ನಾನು. ಗೋಡೆಯಷ್ಟು ದೊಡ್ಡ ಟಿವಿ ನಾನು ಬಂದಾಗಿನಿಂದ ಒಂದೇ ಮಾತು ತೋರಿಸುತ್ತಿದೆ, ಕ್ವಾನ್ ಸಿಯೂ-ಹೊಯ್ ಅವರಿಗೆ ಸ್ವಾಗತ, ಅರವತ್ತೆಂಟನೆಯ ಹುಟ್ಟುಹಬ್ಬದ ಶುಭಾಶಯಗಳು, ಹೆಸರಿನ ಸುತ್ತ ಚಿನ್ನದ ಬಣ್ಣದ ಮೀನುಗಳು ಈಜುತ್ತಿವೆ, ಸತ್ತು ನಲವತ್ತೊಂದು ದಿನವಾದ ನನ್ನ ಮುದುಕನ ಹೆಸರಿನ ಸುತ್ತ. ಆರಿಸೋಣವೆಂದರೆ ರಿಮೋಟು ಕೈಯಲ್ಲಿದ್ದರೂ ಬೆರಳು ಏಳುವುದಿಲ್ಲ. ಕೆಳಗೆ ಕೌಂಟರಿನಲ್ಲೇ ಹೇಳಿಬಿಡಬಹುದಿತ್ತು, ಹೇಳಲೆಂದೇ ಬಾಯಿ ತೆರೆದೆ, ಅಷ್ಟರಲ್ಲಿ ಸಿಲ್ವಿಯಾ ಓಡಿ ಬಂದು ನನ್ನ ಚೀಲ ಕಿತ್ತುಕೊಂಡಳು, ಒಂಬತ್ತು ವರ್ಷದಿಂದ ಮಕಾವಿನ ಈ ಕ್ಯಾಸಿನೋದವರ ಪರವಾಗಿ ನಮ್ಮನ್ನು ನೋಡಿಕೊಳ್ಳುವ ಹುಡುಗಿ, ಏನ್ ಆಂಟಿ ಒಬ್ರೇ ಬಂದ್ರಿ, ಅಂಕಲ್ ಎಲ್ಲಿ, ಸೀದಾ ಟೇಬಲ್ಲಿಗೇ ಹೋಗ್ಬಿಟ್ರಾ — ಕೌಂಟರಿನವರೆಲ್ಲ ನಕ್ಕರು, ನಾನೂ ನಕ್ಕೆ, ನಕ್ಕ ಬಾಯಲ್ಲಿ ಸಾವಿನ ಸುದ್ದಿ ಹೇಳುವುದು ಹೇಗೆ, ಬಾಯಿ ತನ್ನ ಪಾಡಿಗೆ ಹೇಳಿತು, ಆಮೇಲಿನ ಬೋಟಿಗೆ ಬರ್ತಾರೆ. ಹಾಗಾದ್ರೆ ಮೂರು ಗಂಟೆಗೆ ಕೇಕ್ ತರ್ತೀನಿ ಆಂಟಿ, ಅಂಕಲ್ ಕೈಯಲ್ಲೇ ಕುಯ್ಸಿ ಫೋಟೋ ತೆಗೀಬೇಕು, ಅವರಿಲ್ದೆ ಇದ್ರೆ ನಿಮಗೆ ಒಂದ್ ಚೂರೂ ಕೊಡಲ್ಲ. ಮೂರು ಗಂಟೆಗೆ ಅವಳು ಬರುತ್ತಾಳೆ, ಆಗ ಏನು ಹೇಳಬೇಕೋ ನನಗೆ ಗೊತ್ತಿಲ್ಲ.

ಹಾಸಿಗೆ ಎಷ್ಟು ಅಗಲ, ಸಮುದ್ರದ ಆಚೆ ದಡದ ನಮ್ಮ ತುಯೆನ್ ಮುನ್ ಮನೆಯ ಮಲಗುವ ಕೋಣೆಯನ್ನೇ ಇದರ ಮೇಲೆ ಇಡಬಹುದು, ನಾನು ಮಾತ್ರ ಅಂಚಿಗೆ ಅಂಟಿಕೊಂಡು ಮಲಗಿದ್ದೇನೆ, ಮೂವತ್ತನಾಲ್ಕು ವರ್ಷ ಮುದುಕ ಮುಕ್ಕಾಲು ಪಾಲು ಹಾಸಿಗೆ ಆಕ್ರಮಿಸಿ ಮಲಗಿದ ಮೇಲೆ ಮೈ ಇಷ್ಟಕ್ಕೇ ಒಗ್ಗಿದೆ. ಮಗ್ಗುಲ ಹೊದಿಕೆಯ ಮೂಲೆ ನೋಡು, ಚೆನ್ನಾಗಿ ಮಡಚಿದ್ದಾರೆ, ಒಳಗಿನ ಹಾಸುಬಟ್ಟೆಯನ್ನು ಮಾತ್ರ ಹಸಿಯಿರುವಾಗಲೇ ಇಸ್ತ್ರಿ ಯಂತ್ರಕ್ಕೆ ಕೊಟ್ಟಿದ್ದಾರೆ, ನನ್ನ ಕೈಕೆಳಗೆ ಯಾರಾದರೂ ಹೀಗೆ ಮಾಡಿದ್ದರೆ ಅವಳ ಕಿವಿ ಹಿಂಡುತ್ತಿದ್ದೆ. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನುವ ಜಾತಿ ಮುದುಕನದು, ಬಿಟ್ಟಿ ಕೋಣೆ ಕಣೇ, ಬಿಟ್ಟಿ ಊಟ ಕಣೇ, ಬೋಟೂ ಬಿಟ್ಟಿ, ರಾಜನ ಹಾಗೆ ನೋಡ್ಕೋತಾರೆ, ನಿಮ್ಮ ಅಪ್ಪ ನೋಡ್ಕೊಂಡಿದ್ನಾ ಹೀಗೆ. ಯಾವ ಬಿಟ್ಟಿ, ಎಲ್ಲಿಯ ಬಿಟ್ಟಿ, ಮುದುಕ ಜೂಜಿನಲ್ಲಿ ಸೋತು ಮಾರಿದ ನಮ್ಮ ಟ್ಯಾಕ್ಸಿಯನ್ನೇ ಇವರು ಹಾಸಿಗೆ ಮಾಡಿ ಹಾಸಿದ್ದಾರೆ, ಈ ದಿಂಬು ಹಿಂದಿನ ಸೀಟು, ಆ ಬಚ್ಚಲ ತೊಟ್ಟಿ ಇಂಜಿನ್ನು, ಇಲ್ಲವೆನ್ನಲಿ ನೋಡೋಣ. ನನಗೆ ಸಿಟ್ಟು ಬರಬೇಕು, ಸಿಟ್ಟಿಗೂ ಒಂದಿಷ್ಟು ಕಸುವು ಬೇಕಲ್ಲ, ಅದು ಅವನ ಕಾಯಿಲೆಯ ಮೂರು ವರ್ಷದಲ್ಲಿ ಖಾಲಿಯಾಯಿತು. ಮುದುಕನ ಶ್ವಾಸಕೋಶ ಹೋದ ಮೇಲೆ ಕೂಗಲು ದನಿ ಇರಲಿಲ್ಲ, ಚಮಚದಿಂದ ಮಂಚದ ಕಂಬಿಗೆ ಬಡಿಯುತ್ತಿದ್ದ, ಟಿಣ್ ಟಿಣ್, ನೀರು, ಟಿಣ್ ಟಿಣ್, ಬೆನ್ನು ತಟ್ಟು, ಟಿಣ್ ಟಿಣ್, ಏನೂ ಇಲ್ಲ, ನೀನಿದ್ದೀಯೋ ಇಲ್ಲವೋ ನೋಡಿದೆ, ಎರಡು ಗಂಟೆಗೊಮ್ಮೆ, ಒಂದು ದಿನ ತಪ್ಪಲಿಲ್ಲ. ನನ್ನ ಕಣ್ಣಿನ ಕೆಳಗಿನ ಕಪ್ಪು ನೋಡಿ ಮಾರುಕಟ್ಟೆಯ ಮೀನಿನವಳು ಕೇಳಿದಳು, ಯಾರಮ್ಮ ಹೊಡೆದ್ರು ನಿಂಗೆ. ಯಾರೂ ಹೊಡೀಲಿಲ್ಲ ಕಣೆ, ಎಬ್ಬಿಸಿದ್ರು ಅಷ್ಟೆ ಅಂದೆ.

ಈಗ ಎಬ್ಬಿಸುವವರಿಲ್ಲ, ನಿದ್ದೆಯೂ ಇಲ್ಲ. ಕಣ್ಣು ಮುಚ್ಚಿದರೆ ಹಿಟ್ಟು. ಏಳನೆಯ ರಾತ್ರಿ ಸತ್ತವನು ಮನೆಗೆ ಬಂದು ಹೋಗುತ್ತಾನೆ, ಅವನಿಗೆ ಇಷ್ಟವಾದದ್ದನ್ನೆಲ್ಲ ಮೇಜಿನ ಮೇಲಿಟ್ಟು, ಬಾಗಿಲಿಂದ ಮೇಜಿನವರೆಗೆ ನೆಲಕ್ಕೆ ಹಿಟ್ಟು ಚೆಲ್ಲಿ, ಮನೆಯವರು ಕೋಣೆ ಸೇರಿ ಕಣ್ಣು ಮುಚ್ಚಿ ಮಲಗಬೇಕು, ಏನು ಸದ್ದಾದರೂ ಏಳಬಾರದು, ಬೆಳಿಗ್ಗೆ ಹಿಟ್ಟಿನ ಮೇಲೆ ಹೆಜ್ಜೆ ನೋಡಬೇಕು. ಎಲ್ಲ ಮಾಡಿದೆ, ಬಾತುಕೋಳಿ ಇಟ್ಟೆ, ಕಹಿ ಚಹ ಇಟ್ಟೆ, ಅಕ್ಕಿಹಿಟ್ಟನ್ನು ಜರಡಿ ಹಿಡಿದು ಚೆಲ್ಲಿದೆ. ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲಿಂದ ಮೇಜಿನವರೆಗೆ ಹಿಟ್ಟು ಬೆಳ್ಳಗೆ ಹಾಗೇ ಇತ್ತು, ಇರುವೆ ಹರಿದ ಗುರುತೂ ಇರಲಿಲ್ಲ. ಮುದುಕನ ಅಕ್ಕ ಯುಕ್-ಲಾನ್ ಬಗ್ಗಿ ಬಗ್ಗಿ ನೋಡಿದಳು, ಕನ್ನಡಕ ಹಾಕಿ ನೋಡಿದಳು, ತೆಗೆದು ನೋಡಿದಳು, ಆಮೇಲೆ ಸೊಂಟಕ್ಕೆ ಕೈ ಇಟ್ಟು ನಿಂತಳು, ಬದುಕಿದ್ದಾಗ ಜೇಬು ಖಾಲಿಯಾಗೋ ತನಕ ಮನೆ ಕಡೆ ತಲೆ ಹಾಕ್ದೋನು ಈಗ ಬರ್ತಾನಾ, ಹುಟ್ಟು ಗುಣ ಸುಟ್ರೂ ಹೋಗಲ್ಲ ಅಂತಾರೆ, ಸುಟ್ಟೂ ಆಯ್ತು ನೋಡು, ಹೋಯ್ತಾ, ಸೀದಾ ಮಕಾವಿಗೇ ಹೋಗಿರ್ತಾನೆ ಕಣೆ, ಬೋಟು ಹತ್ತಿ. ಹೇಳಿ ಅವಳೇ ನಕ್ಕಳು, ನಕ್ಕು ಅತ್ತಳು, ತಮ್ಮನಲ್ಲವೇ. ಆ ಮಾತು ಮಾತ್ರ ನನ್ನೊಳಗೆ ಕೂತುಬಿಟ್ಟಿತು. ಅದಾದ ಮೂರು ವಾರಕ್ಕೆ ಮುದುಕನ ಫೋನಿಗೆ ಇವರ ಸಂದೇಶ ಬಂತು, ಹುಟ್ಟುಹಬ್ಬದ ತಿಂಗಳು, ಇಬ್ಬರಿಗೆ ಎರಡು ರಾತ್ರಿ, ಎಲ್ಲ ನಮ್ಮ ಕಡೆಯಿಂದ. ಆ ಫೋನನ್ನು ನಾನು ದಿನಾ ಚಾರ್ಜಿಗೆ ಹಾಕುತ್ತೇನೆ, ಯಾಕೆಂದು ಕೇಳಬೇಡಿ. ಸೂತಕದಲ್ಲಿ ಇನ್ನೊಬ್ಬರ ಹೊಸಿಲು ತುಳಿಯಬಾರದು, ತಲೆಯಲ್ಲಿ ಬಿಳಿ ಉಣ್ಣೆಯ ಹೂ ಇರಬೇಕು, ನಲವತ್ತೊಂಬತ್ತು ದಿನ ತೆಗೆಯಬಾರದು, ಬೋಟಿನ ಶೌಚಾಲಯದಲ್ಲಿ ಅದನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿದೆ, ಯುಕ್-ಲಾನಿಗೆ ಗೊತ್ತಾದರೆ ನನ್ನ ಚರ್ಮ ಸುಲಿಯುತ್ತಾಳೆ. ಮನೆಗೆ ಬಾರದವನು ಇಲ್ಲಿಗೆ ಬಂದಿದ್ದಾನೆಂದು ಗೊತ್ತಾದರೆ ಸಾಕು, ಜೂಜಿನ ಆಸೆಗೇ ಮನೆ ಬಿಟ್ಟನೆಂದು ಗೊತ್ತಾದರೆ ಸಾಕು, ನಾನು ಅವನನ್ನು ಮನಸಾರೆ ಬೈದು ಈ ಹಾಸಿಗೆಯ ಮೇಲೆ ಬಿದ್ದುಕೊಳ್ಳುತ್ತೇನೆ. ಅದಕ್ಕೇ ಬಂದದ್ದು.

ಬಂದು ಮಾಡಿದ್ದೇನು, ಕತ್ತೆ ಕೆಲಸ. ಹೋಟೆಲಿನ ಕೋಣೆಗೆ ಹೋಗುವಾಗ ಮೂರು ಸಲ ಬಾಗಿಲು ತಟ್ಟಬೇಕು, ಒಳಗೆ ದೆವ್ವ ಗಿವ್ವ ಸೇರಿಕೊಂಡಿದ್ದರೆ ಹೊರಡಲಿ ಎಂದು ಪಕ್ಕಕ್ಕೆ ಸರಿದು ದಾರಿ ಕೊಡಬೇಕು, ನನ್ನ ತಾಯಿ ಕಲಿಸಿದ್ದು, ಅವಳಿಗೆ ಅವಳ ತಾಯಿ. ಹಾಳು ಕೈಗೆ ಅಭ್ಯಾಸ, ತಟ್ಟಿತು, ಟಕ್ ಟಕ್ ಟಕ್, ಬಾಯಿಯೂ ಹೇಳಿತು, ಎರಡು ದಿನ ಇರ್ತೀವಿ, ತಪ್ಪು ತಿಳ್ಕೋಬೇಡಿ, ಸ್ವಲ್ಪ ಹೊರಗೆ ಹೋಗಿ. ಹೇಳಿ ಪಕ್ಕಕ್ಕೂ ನಿಂತೆ. ನಿಂತ ಮೇಲೆ ಹೊಳೆಯಿತು, ಮುದುಕ ಒಳಗಿದ್ದಿದ್ದರೆ, ಕಿಟಕಿಯ ಹತ್ತಿರದ ಆ ಕುರ್ಚಿಯ ಮೇಲೆ ಕಾಲು ಚಾಚಿ ಕೂತು ನನಗಾಗಿ ಕಾದಿದ್ದರೆ, ಹೆಂಡತಿಯೇ ಬಂದು ಬಾಗಿಲು ತಟ್ಟಿ ಹೊರಗೆ ಹೋಗು ಅಂದ ಹಾಗಾಯಿತಲ್ಲ. ನಾನು ಓಡಿ ಒಳಗೆ ಬಂದೆ, ಅಲ್ಲ ಕಣೋ, ನಿನಗಲ್ಲ ಹೇಳಿದ್ದು, ಬೇರೆಯವರಿಗೆ, ಬಾ, ಕೂತ್ಕೋ. ಖಾಲಿ ಕೋಣೆಗೆ ಹೇಳಿದೆ, ಮೀನುಗಳು ಈಜುತ್ತಿದ್ದವು. ಹೋಟೆಲಿನವರು ಇಬ್ಬರಿಗೆಂದು ಇಟ್ಟ ಚಪ್ಪಲಿಯನ್ನೂ ಸರಿಮಾಡಿದೆ, ಮಂಚದ ಹತ್ತಿರ ಒಂದನ್ನು ಆ ಕಡೆ ಒಂದನ್ನು ಈ ಕಡೆ ತಿರುಗಿಸಿಡುವುದು ನಮ್ಮ ರೂಢಿ, ದೆವ್ವಕ್ಕೆ ಹಾಸಿಗೆಯ ದಾರಿ ತಪ್ಪಲಿ ಎಂದು, ಇವತ್ತು ಅವನ ಪಾಲಿನ ಜೊತೆಯನ್ನು ನೆಟ್ಟಗೆ ಹಾಸಿಗೆಯ ಕಡೆಗೇ ಮುಖ ಮಾಡಿ ಇಟ್ಟಿದ್ದೇನೆ. ಕೆಳಗೆ ಟೇಬಲುಗಳ ಹತ್ತಿರ ಹೋಗಿ ನೋಡಬಹುದಿತ್ತು, ಸೂತಕದವಳು ಬೆನ್ನ ಹಿಂದೆ ನಿಂತರೆ ಯಾರ ಆಟ ಕೆಡುತ್ತದೋ, ಶಾಪ ಹಾಕಿಯಾರು. ಕೊನೆಯ ಸಲ ಬಂದಾಗ ಅವನ ಬೆನ್ನ ಹಿಂದೆ ನಿಂತದ್ದು ನಾನೇ, ಇಸ್ಪೀಟು ಎಲೆಯ ತುದಿಯನ್ನು ಹೆಬ್ಬೆರಳಿನಿಂದ ಎಳ್ಳಷ್ಟೆಳ್ಳಷ್ಟೇ ಎತ್ತುತ್ತಿದ್ದ, ಎತ್ತಿ ಊದಬೇಕು, ಬೇಡದ ಚುಕ್ಕೆ ಹಾರಿ ಹೋಗಲಿ ಎಂದು ಎಲ್ಲರೂ ಊದುತ್ತಾರೆ, ಇವನಿಗೆ ಊದಲು ಉಸಿರಿಲ್ಲ, ತಿರುಗಿ ನನ್ನ ಕಡೆ ನೋಡಿದ, ನೀನು ಊದೇ. ಅಷ್ಟು ಜನರ ಎದುರಿಗೆ ನಾನು ಬಗ್ಗಿ ಕೆನ್ನೆ ಉಬ್ಬಿಸಿ ಊದಿದೆ, ಚುಕ್ಕೆ ಹಾರಲಿಲ್ಲ, ಸೋತ, ಸೋತು ಹಲ್ಲು ಬಿಟ್ಟು ನಕ್ಕ, ನಿನ್ನ ಉಸಿರಲ್ಲಿ ಬೆಳ್ಳುಳ್ಳಿ ವಾಸನೆ ಕಣೆ, ಎಲೆ ಹೆದರಿಕೊಂಡ್ತು. ಅಂಥವನ ಮೇಲೆ ಸಿಟ್ಟು ಮಾಡುವುದು ಹೇಗೆ, ಪ್ರೀತಿ ಮಾಡುವುದು ತಾನೇ ಹೇಗೆ, ಎರಡನ್ನೂ ಮಾಡಿ ಮಾಡಿ ನನಗೆ ಸುಸ್ತಾಗಿದೆ. ಚಪ್ಪಲಿ ಇಟ್ಟಲ್ಲೇ ಇವೆ, ಹಾಸಿಗೆಯ ಆ ಅರ್ಧದಲ್ಲಿ ಒಂದು ಸುಕ್ಕಿಲ್ಲ, ಬೆಳ್ಳಗೆ ಹಿಟ್ಟಿನ ಹಾಗೆ —

ಬಾಗಿಲು. ಮೂರಕ್ಕೆ ಇನ್ನೂ ಹತ್ತು ನಿಮಿಷ ಇತ್ತಲ್ಲ, ಬಂದೇಬಿಟ್ಟಳು, ಎದ್ದೆ, ಕಾಲು ಯಾವುದೋ ಚಪ್ಪಲಿಗೆ ತೂರಿತು, ತೆರೆದೆ. ಸಿಲ್ವಿಯಾ ಕೈಯಲ್ಲಿ ಕೇಕು, ಅದರ ಮೇಲೆ ಗುಲಾಬಿ ಬಣ್ಣದ ಪೀಚ್ ಹಣ್ಣು, ನೂರು ವರ್ಷ ಬಾಳಲಿ ಅನ್ನುವ ಹಣ್ಣು. ಎಲ್ಲಿ ನಮ್ ಹುಟ್ಟಿದಬ್ಬದ ಹುಡುಗ, ಬಚ್ಚಲಲ್ಲಿ ಬಚ್ಚಿಟ್ಕೊಂಡಿದ್ದಾರಾ, ಅಂಕಲ್, ಬನ್ನಿ ಈಚೆಗೆ. ಬಂದಿಲ್ಲ ಅಂದೆ. ಬೋಟ್ ತಪ್ಪಿತಾ. ತಪ್ಪಲಿಲ್ಲ, ಬರೋದಿಲ್ಲ, ನಾನೇ ಬರಬೇಡ ಅಂದೆ — ಅಯ್ಯೋ, ಇದನ್ನು ಹೇಳಬೇಕೆಂದಿರಲಿಲ್ಲ, ಎಲ್ಲಿಂದ ಬಂತು ಈ ಮಾತು, ನಲವತ್ತೊಂದು ದಿನ ಯುಕ್-ಲಾನಿಗೂ ಬಿಡದೆ ಹಲ್ಲು ಕಚ್ಚಿ ಹಿಡಿದ ಮಾತು. ಅವಳು ನಗುತ್ತಿದ್ದಾಳೆ, ಜಗಳನಾ ಆಂಟಿ, ಹುಟ್ಟಿದ ದಿನಾನೂ ಬಿಡಲಿಲ್ವಾ ಪಾಪ, ತಾಳಿ, ನಾನು ಫೋನ್ ಮಾಡ್ತೀನಿ, ನನ್ ಮಾತು ಅಂಕಲ್ ತೆಗೆದುಹಾಕಲ್ಲ, ರಾತ್ರಿ ಊಟಕ್ಕೆ ಇಲ್ಲಿರ್ತಾರೆ ನೋಡ್ತಿರಿ. ಬೇಡಮ್ಮ, ಬೇಡ ಅನ್ನುವಷ್ಟರಲ್ಲಿ ಒತ್ತಿಯಾಗಿತ್ತು, ಮಂಚದ ಮೇಲಿನ ನನ್ನ ಚೀಲದೊಳಗೆ ಮುದುಕನ ಫೋನು ಹೊಡೆದುಕೊಳ್ಳತೊಡಗಿತು, ಆ ಕುದುರೆ ರೇಸಿನ ಕಹಳೆ, ಎಷ್ಟು ಹೇಳಿದರೂ ಬದಲಿಸದ ಕಹಳೆ. ಸಿಲ್ವಿಯಾ ಚೀಲ ನೋಡಿದಳು, ನನ್ನನ್ನು ನೋಡಿದಳು. ಅವರು ತೀರಿಕೊಂಡ್ರು ಸಿಲ್ವಿಯಾ, ನಲವತ್ತೊಂದು ದಿನ ಆಯ್ತು. ಅವಳ ಕಾಲು ಒಂದು ಹೆಜ್ಜೆ ಹಿಂದಕ್ಕೆ ಹೋಯಿತು, ಹೊಸಿಲಿನ ಆಚೆಗೆ, ಕ್ಯಾಸಿನೋದಲ್ಲಿ ದುಡಿಯುವವಳು, ಸೂತಕಕ್ಕೆ ಹೆದರಿದರೆ ತಪ್ಪೇನಿಲ್ಲ, ಆಮೇಲೆ ನಾಚಿಕೆಯಾಯಿತೋ ಏನೋ ಅದೇ ಕಾಲು ಮುಂದಕ್ಕೆ ಬಂತು, ಕೇಕಿನ ತಟ್ಟೆಯನ್ನು ಒಂದು ಕೈಗೆ ಬದಲಿಸಿ ಇನ್ನೊಂದು ಕೈಯಿಂದ ನನ್ನ ಮೊಣಕೈ ಹಿಡಿದಳು. ಮೊದ್ಲೇ ಹೇಳ್ಬಾರದಿತ್ತಾ ಆಂಟಿ. ನೀನು ನಗಿಸಿಬಿಟ್ಟೆಯಲ್ಲಮ್ಮ ಅಂದೆ. ಅವಳು ಅತ್ತಳು, ಫೋನು ನಿಂತಿತು. ನಾಡಿದ್ದು ಹನ್ನೆರಡರ ತನಕ ಕೋಣೆ ನಿಮ್ದೇ, ಯಾರೂ ಬಾಗಿಲು ತಟ್ಟಲ್ಲ, ನಾನ್ ನೋಡ್ಕೋತೀನಿ, ನೀವು ಹಾಯಾಗಿ ಮಲ್ಕೊಳ್ಳಿ ಆಂಟಿ. ಕೇಕನ್ನು ಹಿಡಿದುಕೊಂಡೇ ಹೋದಳು.

ಮತ್ತೆ ಅಂಚಿನಲ್ಲಿ ಮಲಗಿದ್ದೇನೆ. ಟಿವಿಯಲ್ಲಿ ಹೆಸರು ಹೋಯಿತು, ಕೆಳಗಿನಿಂದಲೇ ತೆಗೆದಿರಬೇಕು, ಮೀನುಗಳು ಮಾತ್ರ ಉಳಿದಿವೆ, ನಡುವೆ ಏನೂ ಇಲ್ಲದೆ ಸುತ್ತುತ್ತಿವೆ. ಅವನು ಇಲ್ಲಿಗೂ ಬಂದಿಲ್ಲ, ನನಗೆ ಬೋಟು ಹತ್ತುವಾಗಲೇ ಗೊತ್ತಿತ್ತು, ಗೊತ್ತಿದ್ದೂ ಬಂದೆ, ಅವನು ಮನೆಗೆ ಬಾರದ ತಪ್ಪನ್ನು ಜೂಜಿನ ಮೇಲೆ ಹೊರಿಸೋಣ ಎಂದು, ಜೂಜಿನ ಮೇಲೆ ಹೊರಿಸಿದರೆ ನನ್ನ ತಲೆಯಿಂದ ಇಳಿಯುತ್ತದೆ ಎಂದು. ಆ ಏಳನೆಯ ರಾತ್ರಿ ಜರಡಿ ತೊಳೆದಿಟ್ಟು, ದೀಪ ಆರಿಸಿ, ಕೋಣೆಯ ಬಾಗಿಲು ಹಾಕಿ ಬಿದ್ದುಕೊಂಡೆ, ಮೂಳೆ ಮೂಳೆಯಲ್ಲಿ ನಿದ್ದೆ, ಅವನು ಬಂದರೆ ಚಮಚ ಬಡಿಯುತ್ತಾನೆ, ಟಿಣ್ ಟಿಣ್, ಏಳಬೇಕು, ಏಳಬಾರದು ಅಂದಿದ್ದಾರೆ, ಆದರೂ ಬಡಿದರೆ ನಾನು ಏಳುತ್ತೇನೆ, ಎದ್ದೇ ಏಳುತ್ತೇನೆ, ಕತ್ತಲಲ್ಲಿ ಬಾಯಿಬಿಟ್ಟು ಹೇಳಿದೆ, ಮುದುಕ, ನಿನ್ನ ಕಾಲಿಗೆ ಬೀಳ್ತೀನಿ, ಇವತ್ತೊಂದು ರಾತ್ರಿ ಬರಬೇಡ ಕಣೋ, ನಾನು ಮಲಗಬೇಕು. ಮಲಗಿದೆ. ಮೂರು ವರ್ಷದಲ್ಲಿ ಮೊದಲ ಸಲ ಬೆಳಗಿನವರೆಗೆ, ಕನಸೂ ಇಲ್ಲದೆ, ಮಗ್ಗುಲೂ ಬದಲಿಸದೆ ಮಲಗಿದೆ. ಬಾಗಿಲ ಹತ್ತಿರ ಬಂದಿದ್ದನೋ, ಬಂದು ಕೇಳಿಸಿಕೊಂಡನೋ, ಊಟದ ವಾಸನೆ ಬಂದಿರುತ್ತದೆ, ಬಾತುಕೋಳಿ, ಹಸಿದಿರುತ್ತಾನೆ, ಏಳು ದಿನದ ಹಸಿವು, ಆಚೆಯೇ ನಿಂತನೋ, ಸದ್ದಾಗದ ಹಾಗೆ ತಿರುಗಿದನೋ. ಟ್ಯಾಕ್ಸಿ ಮಾರಬೇಡ ಅಂದೆ, ಕೇಳಲಿಲ್ಲ. ಸಿಗರೇಟು ಬಿಡು ಅಂದೆ, ಕೇಳಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಮಾತು ಕೇಳಿದ್ದು ಅದೊಂದೇ ಸಲ. ಬೆಳಿಗ್ಗೆ ಬಾಗಿಲು ತೆರೆದೆ, ಹಿಟ್ಟು, ಬಾಗಿಲಿಂದ ಮೇಜಿನವರೆಗೆ, ಬೆಳ್ಳಗೆ, ಒಂದು ಬೆರಳಿನ ಗುರುತೂ ಇಲ್ಲ, ಹಿಟ್ಟು, ನಾನು ಜರಡಿ ಹಿಡಿದು ಚೆಲ್ಲಿದ ಹಾಗೇ ಹಿಟ್ಟು —