ಬಾಟಲಿಯ ಮೇಲಿನ ಮುಖ

ನಮ್ಮ ಜಾಮ್ ಬಾಟಲಿಯ ಮೇಲೆ ನಗುತ್ತಿರುವ ಮುಖ ನಮ್ಮತ್ತೆಯದು. ಬೆಳ್ಳಗಿನ ಕೂದಲು, ಎರಡು ಕೆನ್ನೆಯಲ್ಲೂ ಗುಳಿ, ಎಂಥ ರಚ್ಚೆ ಹಿಡಿದ ಮಗುವಾದರೂ ಕೈ ಚಾಚಿ ಹೋಗಬೇಕು ಅಂಥ ನಗು. ಅದರ ಕೆಳಗೆ ‘ಅಜ್ಜಿಯ ಕೈರುಚಿ’ ಎಂದು ನಾನೇ ಬರೆಸಿದ್ದೇನೆ. ಅತ್ತೆ ಈ ಜನ್ಮದಲ್ಲಿ ಜಾಮ್ ಮಾಡಿದವರಲ್ಲ. ಅವರು ಬರೀ ನೀರು ಕಾಯಿಸಿದರೂ ತಳ ಹಿಡಿಯುತ್ತದೆ ಎಂದು ಮಾವ ಇದ್ದಾಗ ರೇಗಿಸುತ್ತಿದ್ದರಂತೆ. ಈಗ ಅತ್ತೆಯೇ ಅದನ್ನು ಹೇಳಿಕೊಂಡು ನಗುತ್ತಾರೆ. ಜಾಮ್ ಮಾಡುವವಳು ನನ್ನಮ್ಮ.

ಹಿತ್ತಲಿನ ಕಿತ್ತಳೆ ಮರಗಳು ನನ್ನ ಗಂಡನ ಮನೆಯವು. ತಾಮ್ರದ ಕೊಪ್ಪರಿಗೆ ಅಮ್ಮನದು. ಅಪ್ಪ ಹೋದ ಮೇಲೆ ಅವಳು ಆ ಕೊಪ್ಪರಿಗೆಯನ್ನೂ ತನ್ನ ನಾಲಿಗೆಯನ್ನೂ ಹೊತ್ತುಕೊಂಡು ನಮ್ಮ ಮನೆಗೆ ಬಂದಳು. ಎರಡೂ ಸದಾ ಕಾದೇ ಇರುತ್ತಿದ್ದವು. ಬೆಳಿಗ್ಗೆ ಎದ್ದರೆ ನನಗೆ, ನನ್ನ ಗಂಡನಿಗೆ, ಬೆಕ್ಕಿಗೆ, ಸರಿಯಾಗಿ ಹಣ್ಣಾಗದ ಕಿತ್ತಳೆಗೆ, ಎಲ್ಲರಿಗೂ ಸಮನಾಗಿ ಬೈಗುಳ ಹಂಚುತ್ತಿದ್ದಳು. ಅತ್ತೆಗೆ ಮಾತ್ರ ಬೈಯುತ್ತಿರಲಿಲ್ಲ. ಇಬ್ಬರಿಗೂ ಒಳ್ಳೆಯ ಹೊಂದಾಣಿಕೆ. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅತ್ತೆ ಸುದ್ದಿ ಹೇಳುವುದು, ಒಲೆ ಮುಂದೆ ನಿಂತು ಅಮ್ಮ ಅದಕ್ಕೆ ಒಗ್ಗರಣೆ ಹಾಕುವುದು.

ಪ್ರತಿ ಶನಿವಾರ ಹಳೆಯ ಗೋದಾಮಿನ ಅಂಗಳದಲ್ಲಿ ಸಂತೆ. ಅಲ್ಲಿ ಇರುವುದು ಒಂದೇ ನಿಯಮ: ಬೆಳೆದವರೇ ತರಬೇಕು, ಮಾಡಿದವರೇ ಮಾರಬೇಕು. ಮೊದಲು ಅಮ್ಮನೇ ಕೂರುತ್ತಿದ್ದಳು. ಒಂದು ಸಲ ನಿವೃತ್ತ ಮೇಷ್ಟ್ರೊಬ್ಬರು ಬಾಟಲಿ ಎತ್ತಿ, ತಲೆಕೆಳಗು ಮಾಡಿ, ಅಲ್ಲಾಡಿಸಿ, ಕಿವಿಯ ಹತ್ತಿರ ಹಿಡಿದು ನೋಡತೊಡಗಿದರು.

“ಏನ್ರೀ, ಅದೇನು ಗಿಲಕಿನಾ? ತಗೊಳ್ಳೋದಾದ್ರೆ ತಗೊಳ್ಳಿ, ಇಲ್ಲಾಂದ್ರೆ ಇಟ್ಟು ದಾರಿ ನೋಡ್ಕೊಳ್ಳಿ!” ಎಂದಳು ಅಮ್ಮ.

ಅರ್ಧ ಸಂತೆ ತಿರುಗಿ ನೋಡಿತು. ಮೇಷ್ಟ್ರು ಕೆಂಪಗಾಗಿ ಹೋದರು, ಹೋಗಿ ಸಿಕ್ಕವರಿಗೆಲ್ಲ ಹೇಳಿದರು. ವ್ಯಾಪಾರ ಕುಸಿಯಿತು. ಅದಾಗಿ ಸ್ವಲ್ಪ ದಿನಕ್ಕೆ ಅಮ್ಮನಿಗೆ ಜ್ವರ ಬಂತು, ಬದಲಿಗೆ ಅತ್ತೆಯನ್ನು ಕೂರಿಸಿದೆ. ಅತ್ತೆ ಏನೂ ಮಾಡಲಿಲ್ಲ, ಸುಮ್ಮನೆ ನಕ್ಕರು. ಮಧ್ಯಾಹ್ನದೊಳಗೆ ಪೆಟ್ಟಿಗೆ ಖಾಲಿ. ಜನ ಅವರ ಕೈ ಹಿಡಿದುಕೊಂಡು “ಅಜ್ಜಿ, ನಿಮ್ಮ ಕೈಗೆ ಚಿನ್ನದ ಬಳೆ ಹಾಕ್ಬೇಕು” ಎಂದರು. ನಾನು ಅಲ್ಲೇ ನಿಂತು ಲೇಬಲ್ಲಿನ ಲೆಕ್ಕಾಚಾರ ಹಾಕಿದೆ.

ಲೇಬಲ್ ನೋಡಿದಾಗ ಅಮ್ಮ ನಕ್ಕಳು. “ಒಳ್ಳೇದಾಯ್ತು ಬಿಡು. ನನ್ನ ಮುಖ ಹಾಕಿದ್ರೆ ಒಳಗಿನ ಹಣ್ಣು ಕಹಿಯಾಗ್ತಿತ್ತು.” ಆ ನಗುವನ್ನು ನಾನು ಹಾಗೆಯೇ ನಂಬಿದೆ. ನಂಬಿದರೆ ನನಗೇ ಅನುಕೂಲ ತಾನೇ.

ಕಳೆದ ತಿಂಗಳು ಸಂತೆಯಿಂದ ಜೇನಿನವನನ್ನು ಎಬ್ಬಿಸಿದರು. ತನ್ನ ತೋಟದ ಚಿತ್ರ ಅಂಟಿಸಿ ಯಾರದೋ ಜೇನು ಮಾರುತ್ತಿದ್ದನಂತೆ. ಸಮಿತಿಗೆ ಹೊಸದಾಗಿ ಬಂದ ಮೇಡಂ ತುಂಬ ಕಟ್ಟುನಿಟ್ಟು. ಇನ್ನು ಪ್ರತಿಯೊಬ್ಬರ ಮನೆಗೂ ಬಂದು ನೋಡುತ್ತೇನೆ ಎಂದರು. ನಮ್ಮ ಮೇಜಿನ ಮುಂದೆ ಮಾತ್ರ ನಿಂತು ನಕ್ಕರು.

“ಅಜ್ಜಿ ಜಾಮ್ ಮಾಡೋದನ್ನ ನಾನು ಕಣ್ಣಾರೆ ನೋಡ್ಬೇಕು. ಒಂದು ಫೋಟೋ ತಗೊಂಡು ಸಂತೆ ಬಾಗಿಲಿಗೇ ಹಾಕಿಸ್ತೀನಿ.”

ಜಾಮ್ ನಮ್ಮ ಮನೆಯದೇ, ಮರ ನಮ್ಮದೇ, ಮಾಡುವವಳು ನನ್ನ ಹೆತ್ತ ತಾಯಿ. ಆದರೂ ಕೈ ಒಬ್ಬರದು, ಮುಖ ಇನ್ನೊಬ್ಬರದು. ಜೇನಿನವನ ಖಾಲಿ ಜಾಗ ನಮ್ಮ ಪಕ್ಕದಲ್ಲೇ ಇತ್ತು.

ಮನೆಗೆ ಬಂದು ಹೇಳಿದರೆ ಅತ್ತೆ ಕೈ ಮುಗಿದುಬಿಟ್ಟರು. “ನನ್ನ ಕೈಲಾಗಲ್ಲ ಕಣಮ್ಮ. ಇದ್ದಿದ್ದು ಇದ್ದ ಹಾಗೆ ಹೇಳ್ಬಿಡೋಣ.”

“ಹೇಳಿದ್ರೆ ಗಂಟುಮೂಟೆ ಕಟ್ಬೇಕಾಗುತ್ತೆ ಅತ್ತೆ” ಎಂದೆ.

ದಾರಿ ತೋರಿಸಿದ್ದು ಅಮ್ಮನೇ. “ಬೀಗಿತ್ತಮ್ಮ, ನೀವು ಸೌಟು ಹಿಡ್ಕೊಂಡು ತಿರುವ್ತಾ ಇರಿ ಸಾಕು. ಹದ ನಾನು ನೋಡ್ಕೋತೀನಿ. ನಾನು ತಣ್ಣನೆ ತಟ್ಟೆ ಕೊಟ್ಟಾಗ ಅದರ ಮೇಲೆ ಒಂದು ಹನಿ ಹಾಕಿ, ಬೆರಳಲ್ಲಿ ದೂಡಿ ನೋಡಿ. ಸುಕ್ಕುಗಟ್ಟಿದ್ರೆ ಒಲೆ ಆರಿಸಿ ಅನ್ನಿ. ಅಷ್ಟೇ.”

“ನೀವ್ಯಾರು ಅಂತ ಕೇಳಿದ್ರೆ?” ಎಂದರು ಅತ್ತೆ.

ಅಮ್ಮ ನನ್ನ ಕಡೆ ನೋಡಿದಳು. “ಅದೆಲ್ಲ ಯಾರು ಕೇಳ್ತಾರೆ, ಬಿಡಿ” ಎಂದು ನಾನು ಹಣ್ಣಿನ ಬುಟ್ಟಿ ಎತ್ತಿಕೊಂಡು ಹೋದೆ.

ಮೇಡಂ ಬಂದ ದಿನ ಅಡುಗೆಮನೆಯನ್ನು ಕನ್ನಡಿಯ ಹಾಗೆ ಉಜ್ಜಿಟ್ಟಿದ್ದೆವು. ಸಿಪ್ಪೆಯನ್ನು ಅಮ್ಮ ಎಳೆಎಳೆಯಾಗಿ ಹೆಚ್ಚಿದ್ದಳು. ಬೀಜಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಪ್ಪರಿಗೆಗೆ ಇಳಿಬಿಟ್ಟಿದ್ದಳು. ಜಾಮ್ ಗಟ್ಟಿಯಾಗುವುದು ಅದರಿಂದಲೇ. ಅತ್ತೆ ಹೊಸ ಬಟ್ಟೆ ಉಟ್ಟು ಒಲೆಯ ಮುಂದೆ ನಿಂತಿದ್ದರು. ಅಮ್ಮ ದಿನವೂ ಇರುವಂತೆಯೇ ಇದ್ದಳು: ಮಾಸಿದ ಬಟ್ಟೆ, ಸೊಂಟಕ್ಕೆ ಕಲೆಯಾದ ಟವಲು, ಸಿಪ್ಪೆಯ ರಸಕ್ಕೆ ಕಪ್ಪಾದ ಉಗುರು.

“ಇವರು?” ಎಂದರು ಮೇಡಂ.

“ಕೆಲಸಕ್ಕೆ ಬರ್ತಾರೆ” ಎಂದೆ.

ಅತ್ತೆಯ ಸೌಟು ಕೊಪ್ಪರಿಗೆಯ ಅಂಚಿಗೆ ಠಣ್ಣೆಂದು ತಗುಲಿತು. ಅಮ್ಮ ತಿರುಗಲಿಲ್ಲ. ಒರೆಸಿ ಒಣಗಿದ್ದ ತಟ್ಟೆಯನ್ನೇ ಇನ್ನೊಂದು ಸಲ ಒರೆಸಿದಳು.

ನನ್ನಮ್ಮ, ನೋಡೋಕೆ ಬಂದಿದ್ದಾರೆ ಎನ್ನಬಹುದಿತ್ತು. ಅತ್ತೆಗೆ ಕೈಜೋಡಿಸುತ್ತಾರೆ ಎನ್ನಬಹುದಿತ್ತು. ನೆಂಟರು ಎಂದಿದ್ದರೂ ನಡೆಯುತ್ತಿತ್ತು. ಯಾವ ಸುಳ್ಳಿಗೂ ಇಷ್ಟು ಕೆಳಗಿಳಿಯಬೇಕಾದ ಅಗತ್ಯವಿರಲಿಲ್ಲ. ಆಮೇಲೆ ಎಷ್ಟು ಸಲ ಯೋಚಿಸಿದರೂ ನನಗೆ ಸಿಗುವ ಉತ್ತರ ಒಂದೇ, ಅದನ್ನು ಹೇಳಲು ನಾಚಿಕೆಯಾಗುತ್ತದೆ. ಆ ಟವಲು, ಆ ಉಗುರು ನೋಡಿದರೆ ಮೇಡಂ ಅದನ್ನೇ ಅಂದುಕೊಳ್ಳುತ್ತಾರೆ ಎಂದು ನನಗೆ ಅನಿಸಿತು. ಅವರು ಅಂದುಕೊಳ್ಳುವ ಮೊದಲು ನಾನೇ ಅಂದುಬಿಟ್ಟೆ.

“ಅಮ್ಮಾವ್ರೇ, ತಟ್ಟೆ” ಎಂದಳು ಅಮ್ಮ, ಹೊತ್ತಿಗೆ ಸರಿಯಾಗಿ, ತಲೆ ತಗ್ಗಿಸಿ. ಅತ್ತೆ ಹನಿ ಹಾಕಿ ದೂಡಿದರು, ಸುಕ್ಕುಗಟ್ಟಿತು. “ಒಲೆ... ಬೀಗಿ...” ಎಂದು ಬಾಯಿಗೆ ಬಂದದ್ದನ್ನು ಕೆಮ್ಮಿ ನುಂಗಿದರು. ಅಮ್ಮ ಒಲೆ ಆರಿಸಿದಳು.

ಮೇಡಂ ಫೋಟೋ ತೆಗೆಯಲು ನಿಂತರು. “ನೀನು ಸ್ವಲ್ಪ ಪಕ್ಕಕ್ಕೆ ಹೋಗ್ತೀಯಾ?” ಎಂದರು ಅಮ್ಮನಿಗೆ. ವಯಸ್ಸಿನಲ್ಲಿ ಅವರಿಗಿಂತ ಅಮ್ಮ ತುಂಬ ದೊಡ್ಡವಳು. ಅಮ್ಮ ತಟ್ಟೆ ಹಿಡಿದುಕೊಂಡೇ ಗೋಡೆ ಮುಟ್ಟುವವರೆಗೆ ಸರಿದು ನಿಂತಳು.

ಹೊರಡುವಾಗ ಮೇಡಂ ನನ್ನ ಕಿವಿಯ ಹತ್ತಿರ ಬಂದು ಮೆಚ್ಚುಗೆಯಿಂದ ಹೇಳಿದರು: “ಒಳ್ಳೆ ಹೆಂಗಸು ಸಿಕ್ಕಿದ್ದಾಳೆ ನಿಮಗೆ. ಬಾಯೇ ಇಲ್ಲ.”

ಬಾಯಿಲ್ಲವಂತೆ, ನನ್ನಮ್ಮನಿಗೆ! ಬೇರೆ ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು. ಅವರ ಕಾರು ಹೋದ ಮೇಲೆ ನಾನು ಬೈಗುಳಕ್ಕೆ ಕಾದು ನಿಂತೆ. ಮಳೆಯ ಮೋಡ ನೋಡಿ ಬಟ್ಟೆ ಒಳಗೆ ತರುವವರ ಹಾಗೆ ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದೆ. ಅಮ್ಮ ಕೊಪ್ಪರಿಗೆ ತೊಳೆಯುತ್ತಿದ್ದಳು.

“ಅಮ್ಮಾ, ಏನಾದ್ರೂ ಅನ್ನು.”

“ಏನನ್ನಲಿ? ಕೆಲಸ ಆಯ್ತಲ್ಲ.”

“ಬೈಯಮ್ಮಾ ನನಗೆ.”

“ಯಾಕೆ ಬೈಲಿ? ಆ ಸೋಪು ಈ ಕಡೆ ಕೊಡು.”

ಅಷ್ಟೇ. ಆವತ್ತಿನಿಂದ ಅವಳು ಯಾರಿಗೂ ಬೈದಿಲ್ಲ. ನಾನು ಹಾಲು ಉಕ್ಕಿಸಿದರೆ ಸುಮ್ಮನೆ ಬಂದು ಒರೆಸಿದಳು. ನನ್ನ ಗಂಡ ಕೆಸರು ಕಾಲಲ್ಲಿ ಒಳಗೆ ಬಂದರೂ ಮಾತಿಲ್ಲ. ಬೆಕ್ಕು ಕೂಡ ಅನುಮಾನದಿಂದ ಅವಳನ್ನು ನೋಡುತ್ತಿತ್ತು. ಮನೆ ತಣ್ಣಗಿತ್ತು, ನನಗೆ ಅನ್ನ ಇಳಿಯುತ್ತಿರಲಿಲ್ಲ.

ಶನಿವಾರ ಬಂತು. ಅತ್ತೆ ಹಾಸಿಗೆ ಬಿಟ್ಟು ಏಳಲೇ ಇಲ್ಲ.

“ಮೈ ಸರಿಯಿಲ್ವಾ ಅತ್ತೆ?”

“ಮೈ ಚೆನ್ನಾಗಿದೆ. ಆ ಮೇಜಿನ ಹಿಂದೆ ನಾನಿನ್ನು ಕೂರಲ್ಲ. ಯಾರು ಕೂರಬೇಕೋ ಅವರನ್ನ ಕರ್ಕೊಂಡು ಹೋಗು” ಎಂದು ಗೋಡೆ ಕಡೆ ತಿರುಗಿ ಮಲಗಿದರು.

ಒಳ್ಳೆಯದೇ ಆಯಿತು ಎಂದುಕೊಂಡೆ. ಇವತ್ತು ಹೇಳಿಬಿಡುತ್ತೇನೆ, ಏನಾದರಾಗಲಿ. ವ್ಯಾನಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬಾಯಿಪಾಠ ಮಾಡಿದೆ: ಮೇಡಂ, ತಪ್ಪಾಯ್ತು, ಇವರು ನನ್ನಮ್ಮ, ಜಾಮ್ ಮಾಡೋದು ಇವರೇ. ಪಕ್ಕದಲ್ಲಿ ಅಮ್ಮ ಬಾಟಲಿಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಳ್ಳ ಬಂದಾಗೆಲ್ಲ ಅದನ್ನು ಎದೆಗೊತ್ತಿ ಹಿಡಿಯುತ್ತಿದ್ದಳು.

ಸಂತೆಯ ಬಾಗಿಲಲ್ಲಿ ಅತ್ತೆಯ ದೊಡ್ಡ ಫೋಟೋ ಹಾಕಿದ್ದರು. ಫೋಟೋದ ಅಂಚಿನಲ್ಲಿ, ಸರಿಯಾಗಿ ನೋಡಿದರೆ ಮಾತ್ರ ಕಾಣುವಂತೆ, ತಟ್ಟೆ ಹಿಡಿದ ಒಂದು ಕೈ ಉಳಿದುಕೊಂಡಿತ್ತು.

ನಾವು ಬಾಟಲಿ ಜೋಡಿಸುವಾಗಲೇ ಮೇಡಂ ಬಂದರು. “ಅಜ್ಜಿ ಎಲ್ಲಿ?”

ನಾನು ಬಾಯಿ ತೆರೆದೆ. “ಮೇಡಂ” ಎಂದಷ್ಟೇ ಹೇಳಿ, ಕೈಯಲ್ಲಿದ್ದ ಬಾಟಲಿಯನ್ನು ಮೇಜಿನ ಮೇಲಿಟ್ಟೆ.

“ದೊಡ್ಡಮ್ಮಾವ್ರಿಗೆ ಮೈ ಹುಷಾರಿಲ್ಲ ಮೇಡಂ” ಎಂದಳು ಅಮ್ಮ. “ಸಾಮಾನು ಇಳಿಸೋಕೆ ಅಂತ ನಾನು ಬಂದೆ.”

ಮೇಡಂ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಮೊದಲನೆಯ ಸಲ ಬಾಯಿ ತಪ್ಪಿ ಬಂತು ಎಂದುಕೊಳ್ಳಬಹುದಿತ್ತು. ಈ ಸಲ ತಲೆ ತಪ್ಪಿ ಆಡಿತು ಎನ್ನಲು ನನಗೆ ದಾರಿಯಿಲ್ಲ.

“ಇವತ್ತೊಂದು ದಿನ ಪರವಾಗಿಲ್ಲ” ಎಂದು ಅವರು ಪಕ್ಕದ ಮೊಟ್ಟೆಯವಳ ಮೇಜಿಗೆ ಹೋದರು.

ಅಮ್ಮ ವ್ಯಾಪಾರಕ್ಕೆ ನಿಂತಳು. ಬಂದವರಿಗೆಲ್ಲ ನಗುತ್ತಿದ್ದಳು. ಅತ್ತೆಯ ನಗುವನ್ನು ನೋಡಿ ನೋಡಿ ಕಲಿತಿದ್ದಳೋ ಏನೋ, ಅದೇ ನಗು, ಗುಳಿಯೊಂದಿರಲಿಲ್ಲ. ಬಾಟಲಿಗಳು ಬೇಗ ಬೇಗ ಖಾಲಿಯಾಗುತ್ತಿದ್ದವು. ಅಷ್ಟರಲ್ಲಿ ಆ ಮೇಷ್ಟ್ರು ಬಂದರು. ಎಂದಿನಂತೆ ಬಾಟಲಿ ಎತ್ತಿದರು, ತಲೆಕೆಳಗು ಮಾಡಿದರು, ಅಲ್ಲಾಡಿಸಿದರು. ಬೈಯಮ್ಮ, ದಮ್ಮಯ್ಯ, ಒಂದೇ ಒಂದು ಸಲ ಬೈಯಮ್ಮ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

“ಬೆಳಕಿಗೆ ಹಿಡಿದು ನೋಡಿ ಸ್ವಾಮಿ, ಚೆನ್ನಾಗಿ ಕಾಣುತ್ತೆ” ಎಂದಳು ಅಮ್ಮ.

ಮೇಷ್ಟ್ರು ಅವಳನ್ನು ದಿಟ್ಟಿಸಿ ನೋಡಿ ಗುರುತು ಹಿಡಿದರು. “ಓಹೋ, ಬೈಯೋ ಹೆಂಗಸು! ಇನ್ನೂ ಇಟ್ಕೊಂಡಿದ್ದೀರಾ ಇವಳನ್ನ? ಪರವಾಗಿಲ್ಲ, ಚೆನ್ನಾಗಿ ಪಳಗಿಸಿದ್ದೀರಿ.”

ನನಗೆ ತಡೆಯಲಾಗಲಿಲ್ಲ. “ಹಾಗೆಲ್ಲ ಅನ್ಬೇಡಿ ಮೇಷ್ಟ್ರೇ. ಇವರು ನನ್ನಮ್ಮ. ಜಾಮ್ ಮಾಡೋದು ಇವರೇ.”

ಹೇಳಿದೆ, ನಿಜ. ಆದರೆ ಹೇಳುವ ಮೊದಲು ಒಮ್ಮೆ ಪಕ್ಕದ ಮೇಜಿನ ಕಡೆ ನೋಡಿದೆ, ಮೇಡಂ ಅಲ್ಲೇ ನಿಂತಿದ್ದರು, ನನ್ನ ದನಿ ತಾನಾಗಿಯೇ ಇಳಿಯಿತು.

ಮೇಷ್ಟ್ರು ಲೇಬಲ್ಲಿನ ಮುಖ ನೋಡಿದರು, ಅಮ್ಮನ ಮುಖ ನೋಡಿದರು, ಜೋರಾಗಿ ನಕ್ಕರು. “ಇವರಾ? ಬಿಡಿ ತಾಯಿ, ಮಾಡಿದೋರ ಮುಖ ಇಲ್ಲೇ ಇದೆಯಲ್ಲ.”

“ನಮ್ಮ ಚಿಕ್ಕಮ್ಮಾವ್ರು ಯಾವಾಗ್ಲೂ ಹೀಗೇ, ತಮಾಷೆ ಮಾಡ್ತಿರ್ತಾರೆ” ಎಂದು ಅಮ್ಮ ಬಾಟಲಿಯನ್ನು ಕಾಗದದಲ್ಲಿ ಸುತ್ತಿ ಅವರ ಚೀಲಕ್ಕೆ ಹಾಕಿದಳು.

ಅವರು ಹೋದರು. ಮೇಡಂ ಕೂಡ ಆಚೆಯ ಸಾಲಿಗೆ ಹೋದರು. ನಾನು ಮೇಜಿನ ಬಟ್ಟೆಯ ಅಂಚನ್ನು ಹಿಡಿದುಕೊಂಡು ನಿಂತಿದ್ದೆ. ಅಮ್ಮ ನನ್ನ ಕಡೆ ನೋಡಲಿಲ್ಲ.

“ಹೇಳೋದಾದ್ರೆ ಗಟ್ಟಿಯಾಗಿ ಹೇಳ್ಬೇಕು ಕಣೇ” ಎಂದಳು ಮೆಲ್ಲಗೆ. “ಇಲ್ಲಾಂದ್ರೆ ಸುಮ್ನಿರ್ಬೇಕು.”

ಅವಳು ಬೈದದ್ದು ಅಷ್ಟೇ. ಆಮೇಲೆ ಪೆಟ್ಟಿಗೆಯಿಂದ ಇನ್ನೊಂದು ಬಾಟಲಿ ತೆಗೆದು, ಟವಲಿನ ತುದಿಯಿಂದ ಅತ್ತೆಯ ಮುಖದ ಮೇಲಿದ್ದ ಧೂಳು ಒರೆಸಿ, ಜನರಿಗೆ ಚೆನ್ನಾಗಿ ಕಾಣುವಂತೆ ಮುಂದಕ್ಕೆ ತಿರುಗಿಸಿ ಇಟ್ಟಳು.