ಹದಿನೇಳನೇ ಗೂಟದ ಉಬ್ಬು

ಎಲ್ಲಿಂದ ಶುರು ಮಾಡಲಿ? ‘ಭೂಮಿಯ ಆಳದಲ್ಲೊಂದು ರಹಸ್ಯವಿತ್ತು’ ಎಂದು ಬರೆದೆ. ನಾಚಿಕೆಯಾಗಿ ಹೊಡೆದುಹಾಕಿದೆ.

೧. ಉದ್ದನೆಯ ಮೇಜು, ಎರಡು ಗ್ರಾಫು; ಬಯಲಲ್ಲಿ ಸಾಲಾಗಿ ನೆಟ್ಟ ಗೂಟಗಳ ಬಳಿ ಒಂದೊಂದಾಗಿ ಅಳೆದದ್ದು. ಅಕ್ಕ ಗುರುತ್ವ ಅಳೆದವಳು: ನೆಲದಡಿ ಭಾರದ ಬಂಡೆಯಿದ್ದರೆ ಅವಳ ಗೆರೆ ಏರುತ್ತದೆ. ತಂಗಿ ಅಳೆದದ್ದು ಕಾಂತಕ್ಷೇತ್ರ: ಕಬ್ಬಿಣವಿದ್ದಲ್ಲಿ ಅವಳ ಗೆರೆ ಏರುತ್ತದೆ. ಎರಡನ್ನೂ ಒಟ್ಟಿಗೆ ಓದಿ, ಅದಿರಿಗಾಗಿ ಎಲ್ಲಿ ಕೊರೆಯಬೇಕೆಂದು ಸಂಜೆಯೊಳಗೆ ಹೇಳಬೇಕು. ಒಂದೇ ರಂಧ್ರ, ತಪ್ಪಿದರೆ ಇಬ್ಬರಿಗೂ ಕೆಲಸವಿಲ್ಲ. (ತಿಂಗಳಿಂದ ಇಬ್ಬರ ನಡುವೆ ಕೆಲಸದ ಮಾತಷ್ಟೇ. ಜಗಳದ ಕಾರಣ ಬರೆದಿದ್ದೆ. ಇಬ್ಬರೂ ಸೇರಿ ತೆಗೆಸಿದರು. ಒಮ್ಮತಕ್ಕೆ ಬಂದದ್ದು ಅದೊಂದರಲ್ಲೇ.)

೨. “ಹದಿನೇಳನೇ ಗೂಟ. ಹೇಗೆ ಎದ್ದಿದೆ ನೋಡು,” ಎಂದಳು ತಂಗಿ.

“ನನ್ನ ಗೆರೆ ಅಲ್ಲಿ ಮಲಗಿದೆ. ಮೂವತ್ತೊಂದರಲ್ಲಿ ಎರಡೂ ಏರುತ್ತೆ. ಅಲ್ಲೇ ಕೊರೆಸೋಣ.”

“ನಿನ್ನ ಗೆರೆ ನಿನ್ನ ಥರಾನೇ ಅಕ್ಕಾ. ಪಕ್ಕದಲ್ಲಿ ಯಾರಿದ್ರೂ ಅದಕ್ಕೆ ಗೊತ್ತಾಗಲ್ಲ.”

೩. ಮತ್ತೊಮ್ಮೆ ಅಳೆಯಬಹುದಲ್ಲ ಎನ್ನುತ್ತೀರಿ. ಕೊರೆಯುವ ಲಾರಿ ಹೊರಟಾಗಿದೆ; ಸಂಪಾದಕರು ನನಗೂ ಒಂದೇ ಪುಟ ಕೊಟ್ಟಿದ್ದಾರೆ. ಇನ್ನೊಂದು ತೊಡಕು: ಮೇಲಿರುವ ಅಗಲದ ಬಂಡೆಯೂ ಆಳದಲ್ಲಿರುವ ಭಾರದ ಬಂಡೆಯೂ ಗುರುತ್ವದಲ್ಲಿ ಒಂದೇ ಗೆರೆ ಬರೆಯಬಲ್ಲವು. ಯಾವುದು ನಿಜವೆಂದು ಗಣಿತ ಹೇಳುವುದಿಲ್ಲ. ಕಾಲೇಜಿನಲ್ಲಿ ಇದನ್ನು ಕಲಿತಾಗ ಹೆದರಿದ್ದೆ. ಕಥೆ ಬರೆಯತೊಡಗಿದ ಮೇಲೆ ಅಭ್ಯಾಸವಾಯಿತು.

೪. ಮೊದಲ ಕರಡು: ಹದಿನೇಳರಲ್ಲಿ ಅದಿರು ಸಿಕ್ಕಿತು, ಇಬ್ಬರೂ ತಬ್ಬಿಕೊಂಡರು.

“ಥೂ, ಹರಿದುಹಾಕಿ,” ಎಂದು ಅಕ್ಕ ನನ್ನ ಮೇಲೆ ರೇಗಿದಳು. “ಅಲ್ಲೇನೂ ಇಲ್ಲ. ನಂಗೊತ್ತು.”

“ಹೇಗೆ ಗೊತ್ತು?” ಕೇಳಿದ್ದು ನಾನಲ್ಲ, ತಂಗಿ.

ಅಕ್ಕ ಪೆನ್ಸಿಲ್ ಚೂಪು ಮಾಡತೊಡಗಿದಳು. ಅದು ಆಗಲೇ ಚೂಪಾಗಿತ್ತು. “ನೀನು ಅಳೀತಿದ್ದಾಗ ಅಲ್ಲಿ ಜೀಪ್ ನಿಂತಿತ್ತು. ಕಲ್ಲುಗೋಡೆ ಆಚೆ.”

“ಯಾರದು?”

“ನಂದೇ ಕಣೇ.”

“ಅಳೆಯೋ ಹತ್ರ ಗಾಡಿ ತರಬಾರದು ಅಂತ ಪಾಠ ಹೇಳ್ಕೊಟ್ಟೋಳೇ ನೀನು!”

“ಮಾತಾಡೋಣ ಅಂತ ಬಂದೆ. ಇಳಿಯೋಕೆ ಧೈರ್ಯ ಬರಲಿಲ್ಲ.”

“ಎಷ್ಟು ಹೊತ್ತು ನಿಂತಿದ್ದೆ?”

“ನೀನು ಹದಿನಾರಕ್ಕೆ ಬಂದಾಗಿಂದ ಹದಿನೆಂಟು ಮುಗಿಸೋವರೆಗೂ.”

೫. ಅಕ್ಕ ಬಂದದ್ದನ್ನು ತಂಗಿಯ ಉಪಕರಣ ಗೋಡೆಯಾಚೆಯಿಂದಲೇ ಗುರುತಿಸಿತ್ತು. ತಂಗಿ ಅದನ್ನು ಅದಿರೆಂದು ಓದಿದ್ದಳು, ಅಷ್ಟೆ.

ನಕ್ಷೆಯಲ್ಲಿ ಮೂವತ್ತೊಂದಕ್ಕೆ ಸುತ್ತು ಬಿತ್ತು. ಅಲ್ಲಿ ಅದಿರು ಸಿಕ್ಕಿತೇ? ನನ್ನ ಬಳಿ ಮೂರು ಅಂತ್ಯಗಳಿವೆ. ಮೂರೂ ಗ್ರಾಫಿಗೆ ಹೊಂದುತ್ತವೆ. ನೀವೇ ಆರಿಸಿಕೊಳ್ಳಿ. ನಾನು ಇನ್ನೂ ಮೇಜಿನ ಬಳಿಯೇ ಇದ್ದೇನೆ.

“ಆ ಮೂರು ರೀಡಿಂಗ್ ತೆಗೆದುಬಿಡು,” ಎನ್ನುತ್ತಿದ್ದಾಳೆ ಅಕ್ಕ. “ಕಸ ಅದು.”

“ತೆಗೀಬೇಕು,” ಎನ್ನುತ್ತಾಳೆ ತಂಗಿ.

ರಬ್ಬರು ಅವಳ ಕೈಯಲ್ಲಿದೆ. ಉಬ್ಬು ಗ್ರಾಫಿನಲ್ಲಿದೆ. ನಾನು ಕಾಯುತ್ತಿದ್ದೇನೆ.