ಮನೋಹರನ ಹಿಡಿತ

ಮನೋಹರ ಕಾಲು ಹಿಡಿದನೆಂದರೆ ಮುಗಿಯಿತು. ಹಿರೀಸಾವೆಯಿಂದ ಚನ್ನರಾಯಪಟ್ಟಣದವರೆಗೆ ಕಬಡ್ಡಿ ಆಡುವವರಿಗೆಲ್ಲ ಇದು ಗೊತ್ತಿತ್ತು. ಒದ್ದರೂ ಬಿಡುತ್ತಿರಲಿಲ್ಲ, ಕಚ್ಚಿದರೂ ಬಿಡುತ್ತಿರಲಿಲ್ಲ. ಅರಕಲಗೂಡಿನ ಪಂದ್ಯವೊಂದರಲ್ಲಿ ಸೀಟಿ ಊದಿ ಆದಮೇಲೂ ರೆಫರಿಯೇ ಬಂದು ಅವನ ಬೆರಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಆ ಕೈ ನೋಡಿಯೇ ಬೆಂಗಳೂರಿನ ಕೋಚೊಬ್ಬ ಅವನನ್ನು ರಗ್ಬಿಗೆ ಎಳೆದುಕೊಂಡು ಹೋದದ್ದು. ಎರಡು ಸಾವಿರದ ಮೂರೋ ನಾಲ್ಕೋ ಇಸವಿಗೆ ಹುಡುಗ ದೇಶದ ತಂಡದಲ್ಲಿದ್ದ.

ಆದರೆ ಆ ಆಟದ ಕರ್ಮ ನೋಡಿ. ಚೆಂಡು ಹಿಡಿದು ಓಡುವವನನ್ನು ಕೆಡವಬೇಕು, ಕೆಡವಿದ ಕೂಡಲೇ ಕೈ ಬಿಡಬೇಕು. ರೆಫರಿ ‘ರಿಲೀಸ್’ ಅಂದಮೇಲೂ ಹಿಡಿದುಕೊಂಡಿದ್ದರೆ ತಪ್ಪು, ಎದುರಾಳಿಗೆ ಪೆನಾಲ್ಟಿ. ಹಿಡಿದದ್ದನ್ನು ಬಿಡು ಅನ್ನುವುದಕ್ಕೆ ಇವನನ್ನೇ ಹುಡುಕಿಕೊಂಡು ಬರಬೇಕಿತ್ತೇ?

ಏಷ್ಯಾದ ಕೆಳಗಿನ ವಿಭಾಗದಿಂದ ಮೇಲಿನದಕ್ಕೆ ಏರುವ ಪಂದ್ಯಾವಳಿ ಅದು. ಹೊರದೇಶದಲ್ಲಿ, ಮೂರೇ ಪಂದ್ಯ. ಮೊದಲನೆಯದರಲ್ಲಿ ಮನೋಹರ ನಾಲ್ಕು ಸಲ ಕೈ ಬಿಡಲಿಲ್ಲ, ನಾಲ್ಕು ಪೆನಾಲ್ಟಿ. ತಂಡ ಹೇಗೋ ಒಂದು ಪಾಯಿಂಟಿನಲ್ಲಿ ಬಚಾವಾಯಿತು. ಮರುದಿನ ಬೆಳಿಗ್ಗೆ ಕೋಚು ಮೈದಾನದ ಮೂಲೆಯ ಬಾವುಟದ ಕೋಲು ಕಿತ್ತುಕೊಂಡು ಬಂದ. ಜೊತೆಯವನೊಬ್ಬನ ಕಾಲು ಹಿಡಿಸಿದ. ‘ರಿಲೀಸ್’ ಅನ್ನುವುದು, ಬೆರಳಿನ ಗೆಣ್ಣಿನ ಮೇಲೆ ಒಂದು ಬಿಡುವುದು. ಮತ್ತೆ ಹಿಡಿ, ಮತ್ತೆ ರಿಲೀಸ್, ಮತ್ತೆ ಏಟು. ತಂಡದವರು ಸುತ್ತ ನಿಂತು ಏಟು ಎಣಿಸುತ್ತ ನಕ್ಕರು. ಅರವತ್ತರ ಹೊತ್ತಿಗೆ ಅವರಿಗೂ ಬೇಜಾರಾಗಿ ತಿಂಡಿಗೆ ಹೋದರು. ಕೋಚು ಮಾತ್ರ ಹೋಗಲಿಲ್ಲ. ಎರಡು ಬೆಳಗು ಹೀಗೇ ನಡೆಯಿತು, ಮನೋಹರ ಊದಿದ ಕೈಯಲ್ಲಿ ಅನ್ನ ಕಲಸಲಾರದೆ ಚಮಚದಲ್ಲಿ ತಿಂದ.

ಎರಡನೆಯ ಪಂದ್ಯ ಸುಲಭವಾಗಿ ಗೆದ್ದರು. ಮೂರನೆಯದರಲ್ಲಿ ಕೊನೆಯ ನಿಮಿಷ, ಎರಡೇ ಪಾಯಿಂಟು ಮುಂದೆ. ಎದುರಾಳಿಯ ದಢೂತಿ ಆಟಗಾರನೊಬ್ಬ ಗೆರೆಗೆ ಐದು ಮಾರು ದೂರದಲ್ಲಿ ಚೆಂಡು ಅವುಚಿಕೊಂಡು ನುಗ್ಗಿದ. ಮನೋಹರ ಕಾಲು ಹಿಡಿದು ಕೆಡವಿದ. ‘ರಿಲೀಸ್’ ಎಂದು ಕೇಳಿಸಿತು. ಕೈ ತಾನೇ ಬಿಟ್ಟಿತು. ಎದ್ದ, ಬಾಗಿದ, ಚೆಂಡು ಕಿತ್ತುಕೊಂಡ, ಸೀಟಿ ಆಯಿತು. ತಂಡ ಮೇಲಿನ ವಿಭಾಗಕ್ಕೆ ಏರಿತು. ಕೋಚು ಅಳುತ್ತ ಬಂದು ಆ ಊದಿದ ಕೈಗೇ ಮುತ್ತು ಕೊಟ್ಟ. ಅಂಥ ಜನವೂ ಇರುತ್ತಾರಪ್ಪ!

ಹಿರೀಸಾವೆಯ ಹೆದ್ದಾರಿ ಹೋಟೆಲಿನಲ್ಲಿ ಅವನ ಅವ್ವ ಹೊನ್ನಕ್ಕ ಲೋಟ ತೊಳೆಯುತ್ತಿದ್ದಳು, ಹದಿನೆಂಟು ವರ್ಷದಿಂದ. ಮಗ ಬಂದ ದಿನವೇ ಮಾಲೀಕನಿಗೆ, “ಹಾಸನದಾಗೆ ಆಟಗಾರ್ರಿಗೆ ಅಂತ ಗುಮಾಸ್ತೆ ಕೆಲ್ಸ ಕರ‍್ದವ್ರೆ. ನನ್ ಮಗುಂಗೇ ಅದು. ಸ್ವಾಮಾರದಿಂದ ನಾ ಬರಾಕಿಲ್ಲ ಕಣಣ್ಣ” ಎಂದು ಹೇಳಿಬಿಟ್ಟಳು.

ಜೊತೆಗೇ ಕಬಡ್ಡಿ ಆಡಿ ಬೆಳೆದ ಗೆಳೆಯ ಪಾಲಾಕ್ಷ ಅಲ್ಲೇ ಟೀ ಕುಡಿಯುತ್ತಿದ್ದ.

“ಅದೇನ್ಲಾ, ಚೆಂಡು ಉದ್ದುಕ್ ಐತಂತೆ? ಯಾರ್ಲಾ ಅದ್ರ ಮ್ಯಾಲೆ ಕೂತ್ಬುಟ್ಟಿದ್ದೋರು?”

ಮನೋಹರ ನಗುತ್ತ ಎಲ್ಲವನ್ನೂ ಹೇಳಿದ, ಕೋಲಿನ ವಿಷಯವನ್ನೂ. ಹೇಳದಿದ್ದರೆ ಅವನ ಗಂಟೇನು ಹೋಗುತ್ತಿತ್ತು? “ಈಗ ಯಾರಾನಾ ರಿಲೀಸ್ ಅಂದ್ರೆ ಸಾಕು, ನಿದ್ದೇಲೂ ಕೈ ಬುಟ್ಬುಡ್ತದೆ ಕಣ್ಲಾ.”

“ಔದಾ? ಎಲ್ಲಿ, ಇಡ್ಕ ನೋಡಾನ,” ಎಂದು ಪಾಲಾಕ್ಷ ಮಣಿಕಟ್ಟು ಚಾಚಿದ. ಮನೋಹರ ಹಿಡಿದ. “ರಿಲೀಸ್!” ಕೈ ಪಟ್ಟನೆ ತೆರೆಯಿತು. ಹೋಟೆಲಿಗೆ ಹೋಟೆಲೇ ನಕ್ಕಿತು. ಎಲ್ಲರಿಗಿಂತ ಮೊದಲು ನಕ್ಕವಳು ಹೊನ್ನಕ್ಕ. ಪಾಲಾಕ್ಷ ಇನ್ನೂ ಮೂರು ಸಲ ಮಾಡಿಸಿ ನೋಡಿದ.

ಹಾಸನದ ಕಚೇರಿಯಲ್ಲಿ ಆಯ್ಕೆ ಮಾಡುವ ಅಧಿಕಾರಿ ಮುರಳೀಕೃಷ್ಣ, ಬಹಳ ಮರ್ಯಾದಸ್ಥ. ದೇಶದ ಜೆರ್ಸಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಮೇಜಿನ ಆ ಕಡೆಗೆ ಸರಿಸಿದ. “ದೇಶಕ್ಕೆ ಆಡಿದೀರಿ, ಬಹಳ ಸಂತೋಷ. ಆದ್ರೆ ಈ ಆಟ ನಮ್ಮ ಪಟ್ಟಿಯಲ್ಲೇ ಇಲ್ವಲ್ರೀ. ಕಬಡ್ಡಿ ಬರುತ್ತಾ?”

“ಬತ್ತದೆ ಸಾ. ಅದೇ ನಮ್ಮಾಟ,” ಎಂದ ಮನೋಹರ.

ಬಂದಿದ್ದವರನ್ನು ಎರಡು ತಂಡ ಮಾಡಿದರು. ಗೆದ್ದ ತಂಡದ ನಾಯಕನಿಗೆ ಕೆಲಸ ಎಂದ ಮುರಳೀಕೃಷ್ಣ. ಒಂದಕ್ಕೆ ಮನೋಹರ ನಾಯಕ. ಇನ್ನೊಂದಕ್ಕೆ, ಅದೇ ಬಸ್ಸಿನಲ್ಲಿ ಬಂದಿದ್ದ ಪಾಲಾಕ್ಷ. “ಯಾರ್ಗ್ ಬಂದ್ರೂ ನಮ್ಮೂರ್ಗೇ ಕಣ್ಲಾ ಬರಾದು,” ಎಂದು ದಾರಿಯುದ್ದಕ್ಕೂ ಇಬ್ಬರೂ ಕಡಲೆಕಾಯಿ ತಿಂದಿದ್ದರು.

ಕೊನೆಗೆ ಅಂಕ ಸಮಸಮ ಆಯಿತು. ಮನೋಹರನ ಅಂಗಳದಲ್ಲಿ ಉಳಿದವನು ಅವನೊಬ್ಬನೇ. ಪಾಲಾಕ್ಷನೂ ಔಟಾಗಿ ಗೆರೆಯಾಚೆ ಕೂತಿದ್ದ. ಕೊನೆಯ ದಾಳಿಗೆ ಬಂದವನು ಪಾಲಾಕ್ಷನ ತಂಡದ, ಅರಕಲಗೂಡಿನ ಗುಂಡಯ್ಯ. ಬಂದ, ಕಾಲು ಚಾಚಿದ, ಮನೋಹರ ಆ ಕಾಲಿನ ಹರಡಿಗೆ ಕೈ ಹಾಕಿದ. ಸಿಕ್ಕಿತು! ಗುಂಡಯ್ಯ ಮಣ್ಣಿಗೆ ಬಿದ್ದು ನಡುಗೆರೆಯತ್ತ ತೆವಳಿದ, ಗೇಣುದ್ದ ದೂರ, ಉಸಿರು ಕಟ್ಟುತ್ತಿತ್ತು. ಮನೋಹರನ ಕಣ್ಣಿಗೆ ಅವ್ವನ ಸೋಮವಾರ ಬಂದಿತ್ತು.

“ರಿಲೀಸ್!”

ಪಾಲಾಕ್ಷ ಎದ್ದು ನಿಂತು ಗಂಟಲು ಹರಿಯುವ ಹಾಗೆ ಕೂಗಿದ್ದ.

ಕೈ ತೆರೆಯಿತು. ಗುಂಡಯ್ಯ ಉರುಳಿ ಗೆರೆ ಮುಟ್ಟಿದ. ಅಷ್ಟೇ. ಸುತ್ತ ನಿಂತವರಿಗೆ ಏನಾಯಿತೆಂದೇ ತಿಳಿಯಲಿಲ್ಲ. “ಇಡ್ದು ಬುಟ್ಬುಟ್ನಲ್ಲಪ್ಪ ಎಬಡ!” ಎಂದು ಯಾರೋ ನಕ್ಕರು. ಮುರಳೀಕೃಷ್ಣ, “ದೇಶದ ತಂಡಕ್ಕೆ ಇಂಥವರನ್ನೇ ಕಳಿಸ್ತಾರೆ,” ಎಂದು ಪಾಲಾಕ್ಷನ ಹೆಸರು ಬರೆದುಕೊಂಡ.

ಮನೋಹರ ಮಣ್ಣು ಮೆತ್ತಿದ ಮೈಯಲ್ಲೇ ಹೋಗಿ ಪಾಲಾಕ್ಷನ ಕೊರಳಪಟ್ಟಿ ಹಿಡಿದ. ಎರಡೂ ಕೈಯಲ್ಲಿ ಹಿಡಿದ. ಕೊಂದುಬಿಡುವಷ್ಟು ಸಿಟ್ಟಿತ್ತು, ಕೊಲ್ಲುವಷ್ಟು ಬಲವೂ ಇತ್ತು. ಪಾಲಾಕ್ಷ ಹೆದರಲಿಲ್ಲ, ಬಿಡಿಸಿಕೊಳ್ಳಲೂ ಹೋಗಲಿಲ್ಲ. ಹೋಟೆಲಿನಲ್ಲಿ ನಕ್ಕ ಹಾಗೆಯೇ ನಕ್ಕು, ಬಾಯಿ ತೆರೆದ.

ಮಾತು ಹೊರಡುವ ಮೊದಲೇ ಮನೋಹರನ ಕೈ ಬಿಟ್ಟಾಗಿತ್ತು.